ಗುಡಿಯನ್ನು ಓದುವ ಬಗೆ

‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಹೇಳಿದ್ದಾರೆ. ಹಳೆಯ ಗುಡಿಯೊಂದನ್ನು ನೋಡಲು ಹೋದರೆ ಈ ಎರಡೂ ಕೆಲಸಗಳು ಒಮ್ಮೆಗೇ ಆಗುತ್ತವೆ. ಆದರೆ ನಮ್ಮಲ್ಲಿ ಹಲವರು ಕಾಯಿ ಒಡೆಸಿ, ಕೈಮುಗಿದು, ಬಸ್ಸಿನ ಹೊತ್ತಾಯಿತೆಂದು ಹೊರಟುಬಿಡುತ್ತಾರೆ. ಭಕ್ತಿಯ ಜೊತೆಗೆ ಅರ್ಧ ತಾಸು ಕಣ್ಣಿಗೂ ಕೆಲಸ ಕೊಡಬೇಕು.

ಉಮರ್ಗಾದಿಂದಾಗಲಿ ಉದಗೀರದಿಂದಾಗಲಿ ಎಸ್.ಟಿ. ಬಸ್ಸಿನಲ್ಲಿ ಹೋಗಿ ಒಂದೇ ದಿನದಲ್ಲಿ ನೋಡಿ ಬರಬಹುದಾದ ಗುಡಿ ನಿಲಂಗಾದ ನೀಲಕಂಠೇಶ್ವರ. ಇದು ತ್ರಿಕೂಟ ದೇವಾಲಯ. ಎಂದರೆ ನಡುವಿನ ಒಂದೇ ಮಂಟಪಕ್ಕೆ ಮೂರು ಗರ್ಭಗುಡಿಗಳ ಬಾಗಿಲುಗಳಿವೆ. ಶಿವನಿಗೂ ವಿಷ್ಣುವಿಗೂ ಇಲ್ಲಿ ಒಂದೇ ಸೂರು. ಹೊರಗೋಡೆ ಸಪಾಟಾಗಿಲ್ಲ, ಅಲ್ಲಲ್ಲಿ ಮುಂದೆ ಚಾಚಿ, ಹಿಂದೆ ಸರಿದು ಬಿಸಿಲು ನೆರಳುಗಳನ್ನು ಹಿಡಿಯುತ್ತದೆ. ಪ್ರದಕ್ಷಿಣೆ ಹಾಕುವಾಗ ಅಲ್ಲಿಯ ಶಿಲ್ಪಗಳನ್ನು ಒಂದೊಂದಾಗಿ ನೋಡಿರಿ.

ಇಂಥ ಗುಡಿಗಳನ್ನೆಲ್ಲ ನಮ್ಮ ಭಾಗದ ಜನ ‘ಹೇಮಾಡಪಂಥಿ’ ಎನ್ನುತ್ತಾರೆ. ಹೇಮಾದ್ರಿಯು 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಮಂತ್ರಿಯಾಗಿದ್ದನು. ಅವನಿಗಿಂತ ಮೊದಲೇ ಈ ಸೀಮೆಯನ್ನು ಕಲ್ಯಾಣ ಚಾಲುಕ್ಯರು ಆಳಿದ್ದರು. ಅವರ ರಾಜಧಾನಿಯೇ ಇಂದಿನ ಬಸವಕಲ್ಯಾಣ. ನಮಗೆ ಹತ್ತಿರದ ಊರು. ಹುಮನಾಬಾದ ತಾಲೂಕಿನ ಜಲಸಂಗಿಯ ಗುಡಿಯಲ್ಲಿ ಶಿಲಾಬಾಲಿಕೆಯೊಬ್ಬಳು ಆರನೆಯ ವಿಕ್ರಮಾದಿತ್ಯನನ್ನು (1076–1126) ಹೊಗಳುವ ಶಾಸನವನ್ನು ಬರೆಯುತ್ತ ನಿಂತಿದ್ದಾಳೆ. ಎರಡೂ ಗುಡಿಗಳನ್ನು ನೋಡಿದವರಿಗೆ ಅವು ಅಕ್ಕತಂಗಿಯರಂತೆ ತೋರುತ್ತವೆ. ಯಾದವರೂ ಕನ್ನಡ, ಮರಾಠಿ, ಸಂಸ್ಕೃತ ಮೂರರಲ್ಲಿಯೂ ಶಾಸನ ಬರೆಸಿದರು. ಇಂದಿನ ರಾಜ್ಯಗಳ ಗಡಿ 1956ರ ನಂತರದ್ದು; ಶಿಲ್ಪಿಯ ಉಳಿಗೆ ಅದು ಗೊತ್ತಿರಲಿಲ್ಲ.

ಹಳೆಯದನ್ನು ಕಾಯುವ ರೀತಿ ಎಲ್ಲ ಕಡೆಗೂ ಒಂದೇ ಅಲ್ಲ. ಜಪಾನಿನ ಇಸೆ ಎಂಬಲ್ಲಿ ಪುರಾತನ ಶಿಂಟೋ ಕ್ಷೇತ್ರವಿದೆ. ಅಲ್ಲಿಯ ಗುಡಿ ಮರದ್ದು. 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಅದೇ ಮಾದರಿಯ ಹೊಸ ಗುಡಿ ಕಟ್ಟಿ ದೇವರನ್ನು ಅಲ್ಲಿಗೆ ಕರೆತರುವ ಪದ್ಧತಿಯಿದೆ. 2013ರಲ್ಲಿ ನಡೆದದ್ದು 62ನೆಯ ಸಲ. ಹೀಗೆ ಮರಗೆಲಸದ ವಿದ್ಯೆಯೂ ತಲೆಮಾರಿನಿಂದ ತಲೆಮಾರಿಗೆ ಉಳಿದು ಬಂದಿದೆ. ನಮ್ಮ ಕಲ್ಲುಗುಡಿಗೆ ಮಾತ್ರ ಎರಡನೆಯ ಪ್ರತಿ ಇಲ್ಲ. ಒಮ್ಮೆ ಮುಖ ಒಡೆದರೆ, ಅಕ್ಷರ ಸವೆದರೆ ಮುಗಿಯಿತು.

ಆದ್ದರಿಂದ ವಿದ್ಯಾರ್ಥಿಗಳೇ, ಕೆತ್ತನೆಯ ಮೇಲೆ ಹೆಸರು ಗೀಚಬೇಡಿರಿ. ನಿಮ್ಮ ಊರಿನ ಕೆರೆ, ಬಾವಿ, ಹೊಲಗಳ ಬಳಿ ಸೂರ್ಯ, ಚಂದ್ರ, ಆಕಳು–ಕರುಗಳಿರುವ ಕಲ್ಲು ಕಂಡರೆ ಅದು ಶಾಸನವಾಗಿರಬಹುದು, ಶಾಲೆಗೆ ತಿಳಿಸಿರಿ. ಪಾಲಕರೂ ಅದರ ಮೇಲೆ ಬಟ್ಟೆ ಒಗೆಯಲು, ಬಣ್ಣ ಬಳಿಯಲು ಬಿಡಬಾರದು. ಅದರಲ್ಲಿರುವುದು ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುತ್ತಿರುವ ಅಕ್ಷರಗಳ ಹಳೆಯ ರೂಪವೇ ಇರಬಹುದು.