ಬರಗಾಲವೂ ಮತದ ಹಕ್ಕೂ

ಬಬಲೇಶ್ವರದ ಸಮೀಪದ ಗ್ರಾಮವೊಂದರಲ್ಲಿ ಪ್ರವಚನ ಮುಗಿಸಿ ಪ್ರಸಾದಕ್ಕೆ ಕುಳಿತಿದ್ದಾಗ, ಎಂಬತ್ತು ದಾಟಿದ ರೈತರೊಬ್ಬರು ನಮ್ಮನ್ನು ಕೇಳಿದರು: “ಗುರುಗಳೇ, ಓಟು ಹಾಕಿದರ ಮಳಿ ಬರತೈತೇನ್ರಿ?” ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನಾವೂ ನಕ್ಕೆವು. ಪ್ರಜಾಪ್ರಭುತ್ವದ ಮಹತ್ವವನ್ನು ಕುರಿತು ಅಂದು ನಾವು ಒಂದು ಗಂಟೆ ಮಾತನಾಡಿದ್ದೆವು; ಅಷ್ಟು ಮಾತಿನಲ್ಲಿ ಈ ಪ್ರಶ್ನೆಗೆ ಉತ್ತರವೇ ಇರಲಿಲ್ಲವೆಂಬುದು ವಿಜಯಪುರಕ್ಕೆ ಹಿಂದಿರುಗುವ ದಾರಿಯಲ್ಲಿ ಹೊಳೆಯಿತು.

ಡೋಣಿ ತುಂಬಿ ಹರಿದ ವರ್ಷ ಓಣಿ ಓಣಿಗೂ ಜೋಳವೆಂಬುದು ನಮ್ಮ ಹಿರಿಯರ ಮಾತು. ಹರಿಯದ ವರ್ಷದ ಕಥೆಯನ್ನು ಹೇಳಲು ಅವರು ಇಷ್ಟಪಡುತ್ತಿರಲಿಲ್ಲ. 1876ರಲ್ಲಿ ಮಳೆ ಕೈಕೊಟ್ಟಿತು. ಆಗ ಇದು ಮುಂಬಯಿ ಪ್ರಾಂತಕ್ಕೆ ಸೇರಿದ ಕಲಾದಗಿ ಜಿಲ್ಲೆ. ಹಗೇವುಗಳು ಬರಿದಾದವು, ದನಗಳು ಸತ್ತವು, ಬಳಿಕ ಜನರು ಸತ್ತರು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಈ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲಿನಷ್ಟು ಕುಗ್ಗಿತು. ಐದು ಮನೆಗಳ ಓಣಿಯಲ್ಲಿ ಒಂದು ಮನೆಗೆ ಶಾಶ್ವತವಾಗಿ ಬೀಗ ಬಿದ್ದಿತೆಂದು ಓದುಗರು ಭಾವಿಸಿಕೊಳ್ಳಬಹುದು. ದೇಶದಲ್ಲಿ ಬ್ರಿಟಿಷರ ನೇರ ಆಡಳಿತದ ಪ್ರದೇಶಗಳಲ್ಲಿಯೇ 50 ಲಕ್ಷಕ್ಕೂ ಹೆಚ್ಚು ಜನ ಅಳಿದರು.

ಅಂದು ದೇಶದಲ್ಲಿ ಧಾನ್ಯವೇ ಇರಲಿಲ್ಲವೆ? ಇತ್ತು, ಬಂದರುಗಳಿಂದ ಹಡಗಿನಲ್ಲಿ ಪರದೇಶಕ್ಕೂ ಹೋಗುತ್ತಿತ್ತು. 1877ರ ಜನವರಿ 1ರಂದು, ದಖ್ಖಣದ ಜನ ಅನ್ನಕ್ಕಾಗಿ ಅಲೆಯುತ್ತಿರುವಾಗಲೇ, ವೈಸರಾಯ ಲಿಟನ್ ದಿಲ್ಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿಯೆಂದು ಸಾರಿದನು. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕಾಮಗಾರಿಯ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯದ ಬೆಲೆ ಮತ್ತು ಒಂದು ಆಣೆಗೆ ಇಳಿಸಿದನು. ಒಂದು ಪೌಂಡೆಂದರೆ ಅರ್ಧ ಕಿಲೋಗಿಂತ ಕಡಿಮೆ. ದಿನವಿಡೀ ಕಲ್ಲು ಒಡೆಯುವ ದೇಹಕ್ಕೆ ಇದು ಸಾಲದೆಂದು ಹೇಳಲು ವೈದ್ಯಶಾಸ್ತ್ರ ಬೇಕಿಲ್ಲ. ಮುಂಬಯಿ ಪ್ರಾಂತದ ಕೂಲಿಕಾರರು ಪ್ರತಿಭಟಿಸಿ ಕೆಲಸ ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭೆಯವರು ಅವರ ಪರವಾಗಿ ಸರಕಾರಕ್ಕೆ ಬರೆದರು. ಆದರೆ ಹಾಗೆ ಬರೆಯುವುದಕ್ಕೂ ಬೇಡಿಕೊಳ್ಳುವುದಕ್ಕೂ ಭೇದವಿರಲಿಲ್ಲ. ಟೆಂಪಲ್‌ನನ್ನಾಗಲಿ ಲಿಟನ್‌ನನ್ನಾಗಲಿ ಪದವಿಯಿಂದ ಇಳಿಸುವ ಶಕ್ತಿ ಈ ನೆಲದ ಒಬ್ಬ ರೈತನಿಗೂ ಇರಲಿಲ್ಲ. 1878ರ ಮಾರ್ಚ್ ತಿಂಗಳಲ್ಲಿ ದೇಶಭಾಷೆಯ ಪತ್ರಿಕೆಗಳ ಬಾಯಿ ಕಟ್ಟುವ ಕಾಯಿದೆಯೂ ಬಂದಿತು. ಇಂಗ್ಲಿಷ್ ಪತ್ರಿಕೆಗಳಿಗೆ ಅದು ಅನ್ವಯಿಸಲಿಲ್ಲ. ಹಸಿದವನ ಭಾಷೆಗೇ ಬೀಗ ಹಾಕಿದರೆಂಬುದನ್ನು ನಾವು ಓದಿದಾಗಲೆಲ್ಲ ಮನಸ್ಸು ಕುದಿಯುತ್ತದೆ.

ಆಮೇಲೆ ಸರಕಾರ ಬರಗಾಲದ ನಿಯಮಾವಳಿಯನ್ನು ರಚಿಸಿತು. ಅದು ಒಳ್ಳೆಯ ನಿಯಮಾವಳಿಯೇ. ಆದರೆ ಬರವನ್ನು ಘೋಷಿಸುವುದು, ಬಿಡುವುದು ಅಧಿಕಾರಿಯ ಚಿತ್ತಕ್ಕೆ ಸೇರಿದ್ದು. 1943ರಲ್ಲಿ ಬಂಗಾಳದಲ್ಲಿ ಲಕ್ಷೋಪಲಕ್ಷ ಜನ ಬೀದಿಯಲ್ಲಿ ಸಾಯುತ್ತಿದ್ದರೂ ಆ ಘೋಷಣೆ ಆಗಲೇ ಇಲ್ಲ. ನಿಯಮವಿದ್ದೂ ಅದನ್ನು ಕೇಳಿ ಪಡೆಯುವ ಹಕ್ಕು ಜನರಿಗಿಲ್ಲದಿದ್ದರೆ ಅದು ಕಪಾಟಿನ ಕಾಗದವಾಗುತ್ತದೆ.

ಇನ್ನು 1972ರ ಬರ. ನಾವಾಗ ಮಠದಲ್ಲಿ ಸಂಸ್ಕೃತ ಪಾಠಕ್ಕೆ ಸೇರಿದ್ದ ಬಾಲಕರು. ಟಿಕೋಟಾದ ದಾರಿಯಲ್ಲಿ ಹೆಂಗಸರೂ ಗಂಡಸರೂ ಸಾಲಾಗಿ ಕುಳಿತು ಖಡಿ ಒಡೆಯುತ್ತಿದ್ದುದು, ಮಠದ ದಾಸೋಹದಲ್ಲಿ ಬಿಳಿಯ ರೊಟ್ಟಿಯ ಬದಲು ಕೆಂಪು ಜೋಳದ ರೊಟ್ಟಿ ಬಡಿಸಿದ್ದು, ಅದನ್ನು ಮುರಿಯಲಾರದೆ ನಾವು ಅತ್ತದ್ದು ಇನ್ನೂ ನೆನಪಿನಲ್ಲಿದೆ. ಕಷ್ಟ ಬಹಳವಿತ್ತು. ಆದರೆ 1876ರಂತೆ ಊರುಗಳು ಹಾಳುಬೀಳಲಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ 1973ರ ಮೇ ತಿಂಗಳ ಹೊತ್ತಿಗೆ ಸುಮಾರು 50 ಲಕ್ಷ ಜನ ಸರಕಾರದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುತ್ತಿದ್ದರು. ಆಳುವವರು 1877ರವರಿಗಿಂತ ಕರುಣಾಳುಗಳಾಗಿದ್ದರೇ? ಇದ್ದರೂ ಇರಬಹುದು. 1952ರಿಂದ ಅವರು ಐದೈದು ವರ್ಷಕ್ಕೊಮ್ಮೆ ಇದೇ ಖಡಿ ಒಡೆಯುವವರ ಮುಂದೆ ಕೈಮುಗಿದು ನಿಲ್ಲಬೇಕಾಗಿತ್ತೆಂಬುದು ಮಾತ್ರ ಖಚಿತ.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರು ಇದನ್ನೇ ಶಾಸ್ತ್ರೀಯವಾಗಿ ಪ್ರತಿಪಾದಿಸಿದರು: ಚುನಾವಣೆ, ವಿರೋಧ ಪಕ್ಷ ಮತ್ತು ಸ್ವತಂತ್ರ ಪತ್ರಿಕೆಗಳು ನಿಜವಾಗಿ ನಡೆಯುವ ದೇಶದಲ್ಲಿ ಮಹಾಕ್ಷಾಮ ಸಂಭವಿಸಿದ್ದಿಲ್ಲ. 1958ರಿಂದ 1961ರವರೆಗೆ ಚೀನಾದಲ್ಲಿ ಕೋಟ್ಯಂತರ ಜನ ಹಸಿವಿನಿಂದ ಸತ್ತರು. ಅದನ್ನು ಅಚ್ಚುಮಾಡುವ ಪತ್ರಿಕೆಯೂ ಅಲ್ಲಿರಲಿಲ್ಲ, ಪ್ರಶ್ನಿಸುವ ಪಕ್ಷವೂ ಇರಲಿಲ್ಲ.

ವಿಶ್ವಸಂಸ್ಥೆಯು 1948ರ ಡಿಸೆಂಬರ್ 10ರಂದು ಸಾರಿದ ಮಾನವ ಹಕ್ಕುಗಳ ಘೋಷಣೆಯ 21ನೆಯ ವಿಧಿ ಮತದಾನದ ಹಕ್ಕನ್ನು ಹೇಳುತ್ತದೆ, 25ನೆಯದು ಆಹಾರದ ಹಕ್ಕನ್ನು. ನಮ್ಮ ಸಂವಿಧಾನದ 21ನೆಯ ವಿಧಿ ಜೀವಿಸುವ ಹಕ್ಕಿನದು. ಸಂಖ್ಯೆ ಕೂಡಿಬಂದದ್ದು ಕೇವಲ ಆಕಸ್ಮಿಕ. ಆದರೆ ಒಂದನ್ನು ಬಿಟ್ಟು ಇನ್ನೊಂದು ನಿಲ್ಲದು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲಾ ಮಕ್ಕಳಿಗೆ ಬಿಸಿಯೂಟ ಕೊಡಬೇಕೆಂದು ಆಜ್ಞಾಪಿಸಿತು; 2013ರಲ್ಲಿ ಸಂಸತ್ತು ಆಹಾರ ಭದ್ರತೆಯ ಕಾಯಿದೆ ಮಾಡಿತು. ನಮ್ಮ ರಾಜ್ಯವು ಬಿಸಿಯೂಟಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟಿತು. ಇದು ಬಹು ಯೋಗ್ಯವಾದ ಹೆಸರು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ನೀಡುವವನೇ ದಾಸ. ಉಣ್ಣುವವನು ತಲೆ ತಗ್ಗಿಸಬೇಕಿಲ್ಲ. ಹಕ್ಕೆಂಬ ಆಧುನಿಕ ಶಬ್ದದ ಭಾವವೂ ಇದೇ.

ಹಾಗೆಂದು ಎಲ್ಲವೂ ಸರಿಹೋಯಿತೆಂದು ಬರೆದರೆ ಓದುಗರು ನಮ್ಮನ್ನು ಕ್ಷಮಿಸಲಾರರು. ಮಹಾಕ್ಷಾಮ ಸುದ್ದಿಯಾಗುತ್ತದೆ, ಸರಕಾರವನ್ನು ನಡುಗಿಸುತ್ತದೆ. ದಿನದಿನದ ಅರೆಹೊಟ್ಟೆ ಸುದ್ದಿಯಾಗುವುದಿಲ್ಲ. ಟಿಕೋಟಾದ ದ್ರಾಕ್ಷಿಯ ತೋಟಗಳನ್ನು ನೋಡಿ ಸಂತೋಷಪಡುವ ಕಣ್ಣು, ಬೇಸಿಗೆಯಲ್ಲಿ ಟ್ಯಾಂಕರಿನ ಮುಂದೆ ನಿಂತ ಕೊಡಗಳ ಸಾಲನ್ನೂ ನೋಡಬೇಕು. ಆ ಸಾಲಿನಲ್ಲಿ ಯಾವ ಕೇರಿಯ ಕೊಡ ಕೊನೆಗೆ ಬರುತ್ತದೆಂಬುದನ್ನು ಹೇಳಲು ನಮ್ಮ ಸಮಾಜದವರು ನಾಚಬೇಕಾದ ಸಂದರ್ಭಗಳನ್ನು ನಾವು ಕಂಡಿದ್ದೇವೆ.

ಕೆಲವು ತಿಂಗಳ ಬಳಿಕ ಪುನಃ ಆ ಗ್ರಾಮಕ್ಕೆ ಹೋದಾಗ ಹಿರಿಯರನ್ನು ಹುಡುಕಿ, ಓಟಿನಿಂದ ಮಳೆ ಬರಲಾರದು, ಮಳೆ ಬಾರದಿದ್ದಾಗ ಬದುಕಿ ಉಳಿಯಲು ಮಾತ್ರ ಅದು ಬೇಕೆಂದು ಮೇಲಿನದನ್ನೆಲ್ಲ ವಿವರಿಸಿದೆವು. ಅವರು ಶಾಂತವಾಗಿ ಕೇಳಿ ಮತ್ತೊಂದು ಪ್ರಶ್ನೆ ಹಾಕಿದರು. ಅವರ ಮಗ, ಸೊಸೆ ಗುಳೆ ಹೋಗಿ ಗೋವೆಯಲ್ಲಿ ಕಟ್ಟಡದ ಕೂಲಿ ಮಾಡುತ್ತಾರೆ. 2024ರ ಮೇ 7ರಂದು ಇಲ್ಲಿ ಲೋಕಸಭೆಯ ಮತದಾನ ನಡೆದಾಗ ಬಸ್ಸಿನ ಖರ್ಚಿಗೂ ಕಳೆದುಹೋಗುವ ಕೂಲಿಗೂ ಹೆದರಿ ಬರಲಿಲ್ಲ. “ರೇಷನ್ ಕಾರ್ಡ ಅಲ್ಲೂ ನಡೀತೈತ್ರಿ. ಓಟ ಯಾಕ ನಡಿಯೂದಿಲ್ರಿ?”

ಗಡಿಯ ಸೈನಿಕನಿಗೆ ಅಂಚೆಯ ಮತವಿದೆ. ಗುಳೆ ಹೋದ ಕೂಲಿಯವನಿಗಿಲ್ಲ. ಕಾರಣ ನಮಗೂ ತೋಚಲಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಈ ಮಾತನ್ನೆತ್ತಿ ಠರಾವು ಬರೆಸಿರೆಂದೆವು. “ನೀವೂ ಬರ್ರಿ, ಬರಿಯಾಕ ನಮಗ ಬರೂದಿಲ್ಲ” ಎಂದರು. ಒಪ್ಪಿಕೊಂಡು ಬಂದಿದ್ದೇವೆ.