ಬೇಸಗೆಯ ಪ್ರಯಾಣವೂ ಎಳೆಯ ಮಕ್ಕಳೂ

ಪರೀಕ್ಷೆಗಳು ಮುಗಿದು ಕಾಲೇಜಿನ ಬಾಗಿಲು ಮುಚ್ಚಿತೆಂದರೆ ಅಜ್ಜಿಯ ಮನೆಗೆ ಹೊರಡತಕ್ಕದ್ದೆಂಬುದು ನಮ್ಮ ಮನೆಯ ಅಲಿಖಿತ ಶಾಸನ. ಅಜ್ಜಿಯ ಮನೆ ಇರುವುದು ಮಂಗಳೂರಿನಲ್ಲಿ, ನಾವಿರುವುದು ರಾಯಚೂರಿನಲ್ಲಿ. ಕಳೆದ ಮೇ ತಿಂಗಳಿನಲ್ಲಿ ಐದು ವರ್ಷದ ಮಗಳನ್ನೂ ಒಂದೂವರೆ ವರ್ಷದ ಮಗನನ್ನೂ ಕರೆದುಕೊಂಡು ನಾವು ಈ ಪ್ರಯಾಣವನ್ನು ಕೈಗೊಂಡೆವು. ಗಂಟುಮೂಟೆಗಳ ಜೊತೆಗೆ ಒಂದು ಮಣ್ಣಿನ ಹೂಜಿ, ಒಂದು ಉಷ್ಣಮಾಪಕ. ಎರಡನೆಯದನ್ನು ಕಂಡು ಮನೆಯಾಕೆ ನಕ್ಕಳು. ಅದು ಹೀಗೆ ಉಪಯೋಗಕ್ಕೆ ಬಂದೀತೆಂದು ನಾವೂ ಎಣಿಸಿರಲಿಲ್ಲ.

ಹೂಜಿಯಿಂದಲೇ ಆರಂಭಿಸೋಣ. ರಾಯಚೂರಿನಲ್ಲಿ ಅಂದು ಮಧ್ಯಾಹ್ನ 40 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಿತ್ತು. ಗಾಳಿ ಒಣಗಿ ಹೋಗಿತ್ತು. ಹಾಗಿದ್ದರೂ ಹೂಜಿಯ ನೀರು ಹಿತವಾಗಿ ತಣ್ಣಗಿತ್ತು. ಮಣ್ಣಿನ ಸೂಕ್ಷ್ಮರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಗ್ರಾಮೊಂದಕ್ಕೆ ಸುಮಾರು 2,400 ಜೂಲುಗಳಷ್ಟು ಗುಪ್ತೋಷ್ಣವನ್ನು ಒಳಗಿನ ನೀರಿನಿಂದಲೇ ಸೆಳೆದುಕೊಳ್ಳುತ್ತದೆ. ಎರಡು ಗ್ರಾಂ ನೀರು ಹೀಗೆ ಆವಿಯಾದರೆ ಒಂದು ಲೀಟರು ನೀರು ಹೆಚ್ಚುಕಡಿಮೆ ಒಂದು ಡಿಗ್ರಿ ತಂಪಾಗುವುದು. ಆದರೆ ಇದಕ್ಕೊಂದು ಮಿತಿಯುಂಟು. ಉಷ್ಣಮಾಪಕದ ಬುಡಕ್ಕೆ ಒದ್ದೆಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಅದು ತೋರಿಸುವ ಉಷ್ಣತೆಗಿಂತ ಕೆಳಗೆ ಹೂಜಿಯ ನೀರು ಇಳಿಯಲಾರದು. 40 ಡಿಗ್ರಿ ಉಷ್ಣತೆ, ಶೇಕಡಾ 20 ಆರ್ದ್ರತೆಯುಳ್ಳ ಗಾಳಿಯಲ್ಲಿ ಈ ಮಿತಿ ಸುಮಾರು 23 ಡಿಗ್ರಿ. ಮಂಗಳೂರಿನ 33 ಡಿಗ್ರಿಯ, ಶೇಕಡಾ 75 ಆರ್ದ್ರತೆಯ ಗಾಳಿಯಲ್ಲಿ ಅದು 29 ಡಿಗ್ರಿ. ಬಿಸಿಲೂರಿನ ಹೂಜಿಯೇ ಕರಾವಳಿಯ ಹೂಜಿಗಿಂತ ತಣ್ಣಗೆ! ಅಜ್ಜಿಯ ಮನೆಯಲ್ಲಿ ಹೂಜಿಯನ್ನಿಟ್ಟಾಗ ಅದು ಬೆವೆತು ನಿಂತಿತೇ ಹೊರತು ತಂಪಾಗಲಿಲ್ಲ. ಮಾವನವರು ಅದನ್ನು ಮಾರಿದ ಕುಂಬಾರನನ್ನು ದೂರಿದರು. ಪಾಪ, ಅವನ ತಪ್ಪೇನೂ ಇರಲಿಲ್ಲ.

ನಮ್ಮ ಚರ್ಮವೂ ಇಂತಹ ಹೂಜಿಯೇ. ಗಾಳಿಯ ಉಷ್ಣತೆ ಚರ್ಮದ್ದಕ್ಕಿಂತ, ಎಂದರೆ ಸುಮಾರು 35 ಡಿಗ್ರಿಗಿಂತ, ಹೆಚ್ಚಿದಾಗ ಶಾಖ ದೇಹದಿಂದ ಹೊರಗೆ ಹರಿಯುವ ಬದಲು ಹೊರಗಿನಿಂದ ಒಳಕ್ಕೆ ಹರಿಯತೊಡಗುತ್ತದೆ. ಆಗ ಬೆವರೊಂದೇ ಗತಿ. ಎಳೆಯ ಮಕ್ಕಳಿಗೆ ಇಲ್ಲಿ ಎರಡು ತೊಂದರೆಗಳು. ಮೊದಲನೆಯದು ಜ್ಯಾಮಿತಿಯದು. ದೊಡ್ಡ ಕೊಪ್ಪರಿಗೆಯ ಪಾಯಸಕ್ಕಿಂತ ಬಟ್ಟಲಿನ ಪಾಯಸ ಬೇಗ ಆರುವುದನ್ನು ವಾಚಕರು ಬಲ್ಲರು: ಗಾತ್ರ ಕುಗ್ಗಿದಂತೆ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಹಿಗ್ಗುತ್ತದೆ. 60 ಕಿಲೋಗ್ರಾಂ ತೂಕದ ವಯಸ್ಕನ ಮೇಲ್ಮೈ ಸುಮಾರು 1.6 ಚದರ ಮೀಟರ್. ಕಿಲೋಗ್ರಾಮೊಂದಕ್ಕೆ 270 ಚದರ ಸೆಂಟಿಮೀಟರ್. 11 ಕಿಲೋಗ್ರಾಂ ತೂಗುವ ನಮ್ಮ ಮಗನಿಗಾದರೋ ಅದು 450ರಷ್ಟು. ಬೇಗ ಆರುವ ಬಟ್ಟಲು ಬೇಗ ಕಾಯಲೂ ಬೇಕಷ್ಟೆ. ಎರಡನೆಯದು, ಮಗುವಿನ ಬೆವರಿನ ಗ್ರಂಥಿಗಳು ಒಂದೊಂದೂ ವಯಸ್ಕನದಕ್ಕಿಂತ ಕಡಿಮೆ ಬೆವರನ್ನು ಸುರಿಸುತ್ತವೆ. ಸಾಲದ್ದಕ್ಕೆ ಒಂದೂವರೆ ವರ್ಷದ ಮಗು ತನಗೆ ಬಾಯಾರಿದೆಯೆಂದು ಸ್ಪಷ್ಟವಾಗಿ ಹೇಳಲಾರದು.

ಬೆಂಗಳೂರಿನಲ್ಲಿ ಗಾಡಿ ಬದಲಿಸಿ ಹಗಲಿನ ರೈಲನ್ನು ಹಿಡಿದೆವು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರು ಘಟ್ಟದ ದಾರಿ ಈ ಪ್ರಯಾಣದ ಸೊಬಗು. 1979ರಲ್ಲಿ ಮೀಟರ್ ಗೇಜ್ ಮಾರ್ಗವಾಗಿ ಆರಂಭವಾಗಿ, 1996ರಲ್ಲಿ ಮುಚ್ಚಿ, ಬ್ರಾಡ್ ಗೇಜ್ ಆಗಿ 2007ರಲ್ಲಿ ಪ್ರಯಾಣಿಕರಿಗೆ ಮತ್ತೆ ತೆರೆದ ಮಾರ್ಗವಿದು. 57 ಸುರಂಗಗಳು, ಐವತ್ತಡಿ ಮುಂದೆ ಸಾಗಿದರೆ ಒಂದಡಿ ಇಳಿಯುವ ಕಡಿದಾದ ಇಳಿಜಾರು. ಮಗಳು ಪ್ರತಿಯೊಂದು ಸುರಂಗದಲ್ಲಿಯೂ ಕೂಗಿ ಎಣಿಸುತ್ತಿದ್ದಳು. ಮೂವತ್ತರ ಸುಮಾರಿಗೆ ಲೆಕ್ಕ ತಪ್ಪಿತು. ಆ ಹೊತ್ತಿಗೆ ನಿದ್ದೆಯಲ್ಲಿದ್ದ ಮಗ ಚೀರುತ್ತ ಎದ್ದು ಕಿವಿಯನ್ನು ಎಳೆದುಕೊಳ್ಳತೊಡಗಿದನು. ಅವನಿಗೆ ಎರಡು ದಿನಗಳಿಂದ ನೆಗಡಿಯಾಗಿತ್ತು.

ಸಕಲೇಶಪುರದ ಎತ್ತರ ಸುಮಾರು 900 ಮೀಟರ್. ಘಟ್ಟದ ಬುಡಕ್ಕೆ ಬರುವಷ್ಟರಲ್ಲಿ ಸುಮಾರು 800 ಮೀಟರ್ ಇಳಿದಿರುತ್ತೇವೆ. ಗಾಳಿಯ ಒತ್ತಡ ಸುಮಾರು 90 ಮಿಲಿಬಾರ್ ಏರುತ್ತದೆ. ಕಿವಿಯ ತಮಟೆಯ ಹಿಂದಿನ ಮಧ್ಯಕರ್ಣದಲ್ಲಿ ಸಿಕ್ಕಿಕೊಂಡ ಗಾಳಿ ಹಳೆಯ ಒತ್ತಡದಲ್ಲಿಯೇ ಉಳಿದರೆ, ಬೆರಳುಗುರಿನಷ್ಟಿರುವ ಆ ತೆಳುಪೊರೆಯ ಮೇಲೆ 50 ಗ್ರಾಂ ತೂಕದ ಬೊಟ್ಟನ್ನಿಟ್ಟಂತೆ ಹೊರೆ ಬೀಳುವುದು. ಮಧ್ಯಕರ್ಣವನ್ನು ಗಂಟಲಿಗೆ ಜೋಡಿಸುವ ನಳಿಕೆಯೊಂದಿದೆ. 16ನೆಯ ಶತಮಾನದ ಇಟಲಿಯ ಅಂಗರಚನಾಶಾಸ್ತ್ರಜ್ಞ ಯುಸ್ಟೇಕಿಯ ಹೆಸರು ಅದಕ್ಕಿದೆ. ಬೆಟ್ಟವನ್ನೇರುವಾಗ ಒಳಗಿನ ಹೆಚ್ಚಿನ ಗಾಳಿ ಆ ನಳಿಕೆಯನ್ನು ತಾನಾಗಿಯೇ ತಳ್ಳಿಕೊಂಡು ಹೊರಬರುವುದು. ಇಳಿಯುವಾಗ ಹಾಗಲ್ಲ, ಹೊರಗಿನ ಒತ್ತಡ ನಳಿಕೆಯ ಬಾಯನ್ನು ಮತ್ತಷ್ಟು ಅದುಮುತ್ತದೆ. ಉಗುಳು ನುಂಗಿದಾಗ, ಆಕಳಿಸಿದಾಗ ಸ್ನಾಯುಗಳು ಅದನ್ನು ಎಳೆದು ತೆರೆಯಬೇಕು. ಮಕ್ಕಳಲ್ಲಿ ಈ ನಳಿಕೆ ಕಿರಿದು, ಹೆಚ್ಚು ಅಡ್ಡಡ್ಡವಾಗಿರುವುದು. ನೆಗಡಿಯಾದರೆ ಊದಿಕೊಂಡು ಮುಚ್ಚುವುದು. ನಿದ್ದೆಯಲ್ಲಿರುವ ಮಗುವಾದರೋ ಉಗುಳು ನುಂಗುವುದೇ ಅಪರೂಪ. ನಮ್ಮ ಮಗನಿಗೆ ಈ ಮೂರೂ ಒದಗಿ ಬಂದಿದ್ದವು. ತತ್ತ್ವವನ್ನು ನಾವು ವಿವರಿಸುತ್ತಿರುವಾಗಲೇ ಮನೆಯಾಕೆ ಹಾಲಿನ ಬಟ್ಟಲನ್ನು ಅವನ ತುಟಿಗೆ ಹಿಡಿದಳು. ನಾಲ್ಕು ಗುಟುಕಿಗೆ ಅಳು ನಿಂತಿತು.

ಇನ್ನು ಹೇಳಲೇಬೇಕಾದ, ಹೇಳಲು ಸಂಕೋಚವಾಗುವ ಸಂಗತಿ. ಮಂಗಳೂರು ಸೇರಿದ ಮೂರನೆಯ ದಿನ ಮಾವನವರ ಮೋಟಾರು ಕಾರಿನಲ್ಲಿ ಮಗನನ್ನು ಕೂರಿಸಿಕೊಂಡು ಔಷಧದ ಅಂಗಡಿಗೆ ಹೋದೆವು. ಮಗು ನಿದ್ದೆಹೋಗಿತ್ತು. ಎರಡು ನಿಮಿಷದ ಕೆಲಸ, ಎಬ್ಬಿಸುವುದೇಕೆಂದು ಗಾಜನ್ನು ಎರಡು ಬೆರಳಷ್ಟು ಇಳಿಸಿ, ಕಾರನ್ನು ಬಿಸಿಲಿನಲ್ಲಿಯೇ ಬಿಟ್ಟು ಒಳಗೆ ಹೋದೆವು. ಅಂಗಡಿಯಲ್ಲಿ ಜನ ತುಂಬಿದ್ದರು. ಎರಡು ನಿಮಿಷ ಹನ್ನೆರಡಾಯಿತು. ಮರಳಿ ಬಂದು ಬಾಗಿಲು ತೆರೆದಾಗ ಒಲೆಯ ಝಳದಂತಹ ಗಾಳಿ ಮುಖಕ್ಕೆ ಬಡಿಯಿತು. ಮಗುವಿನ ಮುಖ ಕೆಂಪಡರಿತ್ತು; ಕೂದಲು ತೊಯ್ದಿತ್ತು; ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚಿತು. ನೆರಳಿಗೆ ಎತ್ತಿಕೊಂಡು ಓಡಿ, ಅಂಗಿ ಬಿಚ್ಚಿ, ಒದ್ದೆ ಬಟ್ಟೆಯಿಂದ ಮೈಯೆಲ್ಲ ಒರೆಸಿ ವೃತ್ತಪತ್ರಿಕೆಯಿಂದ ಗಾಳಿ ಹಾಕಿದೆವು. ಐದು ನಿಮಿಷದ ಮೇಲೆ ಅವನು ಜೋರಾಗಿ ಅತ್ತನು. ಅಷ್ಟು ಇಂಪಾದ ಅಳುವನ್ನು ನಾವು ಕೇಳಿರಲಿಲ್ಲ. ಸಮೀಪದ ವೈದ್ಯರು ಪರೀಕ್ಷಿಸಿ ಅಪಾಯವಿಲ್ಲವೆಂದರು. ಇನ್ನೊಂದು ಹತ್ತು ನಿಮಿಷವಾಗಿದ್ದರೆ ಹಾಗೆ ಹೇಳುತ್ತಿರಲಿಲ್ಲವೆಂದೂ ಹೇಳಿದರು.

ಮರುದಿನ ಅದೇ ಹೊತ್ತಿನಲ್ಲಿ ಬರಿಯ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ, ಗಾಜನ್ನು ಅಷ್ಟೇ ಇಳಿಸಿ, ಉಷ್ಣಮಾಪಕವನ್ನು ಬಿಸಿಲು ತಾಕದಂತೆ ಒಳಗೆ ತೂಗಹಾಕಿದೆವು. ಹೊರಗೆ 33 ಡಿಗ್ರಿ. ಹತ್ತು ನಿಮಿಷದಲ್ಲಿ ಒಳಗೆ 42. ಅರ್ಧ ಗಂಟೆಯಲ್ಲಿ 50. 2005ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಸಂಶೋಧಕರು ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ಗಂಟೆಯೊಂದರಲ್ಲಿ ಕಾರಿನ ಒಳಗು ಸರಾಸರಿ 22 ಡಿಗ್ರಿ ಏರುವುದು, ಅದರ ಶೇಕಡಾ 80 ಭಾಗ ಮೊದಲ ಅರ್ಧ ಗಂಟೆಯಲ್ಲಿಯೇ, ಗಾಜನ್ನು ತುಸು ಇಳಿಸಿದ್ದರಿಂದ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ.

ಗಾಜು ಬೆಳಕನ್ನು ಒಳಗೆ ಬಿಟ್ಟು ಕಾವಿನ ಕಿರಣಗಳನ್ನು ತಡೆಯುವುದರಿಂದ ಹೀಗಾಗುವುದೆಂದು ನಾವು ತರಗತಿಯಲ್ಲಿ ಹೇಳುತ್ತ ಬಂದಿದ್ದೆವು. ಅದು ಅರ್ಧ ಸತ್ಯ. 1909ರಲ್ಲಿಯೇ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯೂ. ವುಡ್ ಎರಡು ಪೆಟ್ಟಿಗೆಗಳನ್ನು ಮಾಡಿ ಒಂದಕ್ಕೆ ಗಾಜನ್ನೂ ಇನ್ನೊಂದಕ್ಕೆ ಕಾವಿನ ಕಿರಣಗಳನ್ನು ತಡೆಯದ ಕಲ್ಲುಪ್ಪಿನ ಹಲಗೆಯನ್ನೂ ಮುಚ್ಚಿ ಬಿಸಿಲಿಗಿಟ್ಟನು. ಎರಡೂ ಹೆಚ್ಚುಕಡಿಮೆ ಒಂದೇ ಸಮನೆ ಕಾದವು. ಮುಖ್ಯ ಕಾರಣ, ಕಾದ ಗಾಳಿ ಮೇಲೇರಿ ಹೋಗದೆ ಒಳಗೇ ಬಂಧಿಯಾಗಿರುವುದು. ಕಾರಿನೊಳಗಿನ ಗಾಳಿಯ ತೂಕ ಮೂರೂವರೆ ಕಿಲೋಗ್ರಾಂ ಇದ್ದೀತು. ಗಾಜುಗಳಿಂದ ಒಳನುಗ್ಗುವ ಬಿಸಿಲಿನ ಶಕ್ತಿಯೋ ಒಂದು ಇಸ್ತ್ರಿಪೆಟ್ಟಿಗೆಯದಕ್ಕಿಂತ ಕಡಿಮೆಯಲ್ಲ. ಎರಡು ಬೆರಳಿನ ಸಂದು ಅದಕ್ಕೆ ಎಲ್ಲಿ ಸಾಟಿ? ಅಂದು ರಾತ್ರಿ ಕಾಗದದ ಮೇಲೆ ಮಗನ ಲೆಕ್ಕವನ್ನೂ ಹಾಕಿದೆವು. ಅಂತಹ ಗಾಳಿಯಲ್ಲಿ ಬೆವರು ಕೈಕೊಟ್ಟರೆ ಅವನ ಮೈಕಾವು ಎಂಟು ಹತ್ತು ನಿಮಿಷಕ್ಕೊಂದು ಡಿಗ್ರಿಯಂತೆ ಏರುವುದು. ಆ ಕಾಗದವನ್ನು ಮನೆಯಾಕೆಗೆ ತೋರಿಸಲಿಲ್ಲ.

ಪ್ರಯಾಣದ ವಾಂತಿಯ ವಿಷಯ ಚುಟುಕಾಗಿ. ಪುಸ್ತಕದತ್ತ ನೆಟ್ಟ ಕಣ್ಣು ನಿಶ್ಚಲವೆಂದೂ, ಒಳಗಿವಿಯ ಸಮತೋಲದ ಅಂಗ ಚಲಿಸುತ್ತಿರುವೆವೆಂದೂ ಮಿದುಳಿಗೆ ವಿರುದ್ಧ ಸಾಕ್ಷಿ ಹೇಳಿದಾಗ ಅದು ಬರುವುದು. ಎರಡರಿಂದ ಹನ್ನೆರಡು ವರ್ಷದವರಲ್ಲಿ ಹೆಚ್ಚು. ಘಟ್ಟದ ರಸ್ತೆಯಲ್ಲಿ 40 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 36 ಕಿಲೋಮೀಟರ್ ವೇಗದಿಂದ ದಾಟಿದರೆ ಗುರುತ್ವದ ಕಾಲು ಭಾಗದಷ್ಟು ಬಲ ಪಕ್ಕಕ್ಕೆ ಎಳೆಯುವುದು. 25ಕ್ಕೆ ಇಳಿಸಿದರೆ ಅದು ಅರ್ಧಕ್ಕೆ ಇಳಿಯುವುದು. ಚಾಲಕರಿಗೆ ಇದನ್ನು ಹೇಳಿ ನೋಡಬಹುದು. ನಮ್ಮ ಅನುಭವದಲ್ಲಿ ಕೇಳಿದವರು ಕಡಿಮೆ.

ಹಿಂದಿರುಗುವಾಗ ಘಟ್ಟವನ್ನೇರುವ ಗಾಡಿಯಲ್ಲಿ ಮಗ ನೆಮ್ಮದಿಯಾಗಿ ನಿದ್ರಿಸಿದನು. ಮಗಳು ಈ ಸಲ ಐವತ್ತೇಳನ್ನೂ ಎಣಿಸಿ ಮುಗಿಸಿದಳು. ಮಾವನವರು ಬೇಡವೆಂದ ಹೂಜಿಯನ್ನು ಹೊತ್ತು ತಂದಿದ್ದೆವು. ರಾಯಚೂರಿನಲ್ಲಿ ಕಿಟಕಿಯ ಬಳಿ ತುಂಬಿಸಿಟ್ಟ ಅದರ ನೀರು ಸಂಜೆಯ ವೇಳೆಗೆ ತಣ್ಣಗಾಗಿತ್ತು.