ನೀರ್ ಸಾಬ್ ಕೊರೆಸಿದ ಬೋರು, ನಿಮ್ಮ ಹಸುವಿನ ಐದು ಬಿಂದಿಗೆ



ಬೇಸಿಗೆ ಕಾಲಿಟ್ಟರೆ ಸಾಕು, ಪಶುವೈದ್ಯರಿಗೆ ಒಂದೇ ಬಗೆಯ ಪ್ರಶ್ನೆ: "ಡಾಕ್ಟ್ರೇ, ಹಿಂಡಿ, ಬೂಸ ಎಲ್ಲಾ ಮೊದಲಿನಷ್ಟೇ ಕೊಡ್ತಿದ್ದೀನಿ. ಹಾಲು ಮಾತ್ರ ಎರಡು ಲೀಟರ್ ಇಳಿದುಬಿಟ್ಟಿದೆ. ಒಂದು ಟಾನಿಕ್ ಬರ್ಕೊಡಿ." ಬಹಳಷ್ಟು ಸಲ ಆ ಹಸುವಿಗೆ ಬೇಕಿರುವುದು ಟಾನಿಕ್ ಅಲ್ಲ, ನೀರು.

ಹಾಲಿನಲ್ಲಿ ಸುಮಾರು ಶೇ. 87 ಭಾಗ ನೀರೇ ಇರುತ್ತದೆ. ಒಂದು ಲೀಟರ್ ಹಾಲು ಕೊಡಲು ಹಸು ಮೂರರಿಂದ ನಾಲ್ಕು ಲೀಟರ್ ನೀರು ಕುಡಿಯಬೇಕು. ಮೈ ತಂಪಾಗಿಡಲು, ಮೇವು ಜೀರ್ಣಿಸಲು ಬೇಕಾಗುವುದು ಇದಕ್ಕಿಂತ ಬೇರೆ. ದಿನಕ್ಕೆ ಹತ್ತು ಲೀಟರ್ ಕೊಡುವ ಮಿಶ್ರತಳಿ ಎಚ್‌ಎಫ್ ಹಸುವಿಗೆ 70 ಲೀಟರ್ ಎಂದು ಇಟ್ಟುಕೊಳ್ಳಿ. ಒಣ ಹುಲ್ಲೇ ಹೆಚ್ಚಿದ್ದರೆ, ಬಿಸಿಲು ಜೋರಿದ್ದರೆ ಇನ್ನೂ ಹೆಚ್ಚು. ನೀರು ಕಡಿಮೆಯಾದರೆ ಹಸು ಮೊದಲು ಮೇವು ಬಿಡುತ್ತದೆ, ಆಮೇಲೆ ಹಾಲು ಇಳಿಯುತ್ತದೆ. ನಾವು ಹಾಲು ಇಳಿದದ್ದನ್ನು ಮಾತ್ರ ನೋಡುತ್ತೇವೆ.

ಒಂದು ಬಿಂದಿಗೆಗೆ 15 ಲೀಟರ್ ಹಿಡಿದರೆ ಒಂದು ಹಸುವಿಗೆ ಸುಮಾರು ಐದು ಬಿಂದಿಗೆ, ಎರಡು ಹಸುವಿಗೆ ಹತ್ತು. ಇದನ್ನು ಹೊರುವವರು ಯಾರು ಎಂದು ನಿಮಗೆ ನಾನು ಹೇಳಬೇಕಿಲ್ಲ. ಈ ಲೆಕ್ಕ ಹಾಕುವಾಗಲೆಲ್ಲ ನನಗೆ ಒಬ್ಬರ ನೆನಪಾಗುತ್ತದೆ. ಅವರು ಪಶುವೈದ್ಯರಲ್ಲ, ಹೈನುಗಾರಿಕೆಯವರೂ ಅಲ್ಲ. ಹೆಸರು ಅಬ್ದುಲ್ ನಜೀರ್ ಸಾಬ್.

ಗುಂಡ್ಲುಪೇಟೆಯ ನಜೀರ್ ಸಾಬರು ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ 1983ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದರು. ಬರದ ಮೇಲೆ ಬರ ಬಿದ್ದ ಕಾಲ ಅದು. ಹಳ್ಳಿಹಳ್ಳಿಗೂ ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸುವ ಕೆಲಸವನ್ನು ಅವರು ಹಿಡಿದ ಪಟ್ಟು ಬಿಡದೆ ಮಾಡಿಸಿದರು. ಜನ ಅವರನ್ನು 'ನೀರ್ ಸಾಬ್' ಎಂದು ಕರೆದರು. ನಿಮ್ಮ ಅತ್ತೆಯವರನ್ನು ಕೇಳಿ ನೋಡಿ, ಊರಿಗೆ ಮೊದಲ ಬೋರ್ ಬಂದದ್ದು ಅವರಿಗೆ ನೆನಪಿರಬಹುದು.

ಹೈನುಗಾರಿಕೆಗೂ ಇದಕ್ಕೂ ಏನು ಸಂಬಂಧ? ಹೆಸರಘಟ್ಟದಲ್ಲಿ ಡೆನ್ಮಾರ್ಕ್ ನೆರವಿನ ಘನೀಕೃತ ವೀರ್ಯ ಕೇಂದ್ರ ಶುರುವಾದದ್ದು 1969ರಲ್ಲಿ. ವಿಶ್ವಬ್ಯಾಂಕ್ ನೆರವಿನಿಂದ ಹಳ್ಳಿಗಳಲ್ಲಿ ಹಾಲಿನ ಸಂಘ ಕಟ್ಟುವ ಯೋಜನೆ ಬಂದದ್ದು 1974ರಲ್ಲಿ. ತಳಿ ಬಂತು, ಸಂಘ ಬಂತು. ಆದರೆ ಎರಡು ಮೂರು ಲೀಟರ್ ಕೊಡುವ ನಾಟಿ ಹಸುವನ್ನು ಕೆರೆಗೆ ಹೊಡೆದುಕೊಂಡು ಹೋಗಿ ನೀರು ಕುಡಿಸಿ ತರಬಹುದಿತ್ತು. ಮನೆಯಲ್ಲೇ ಕಟ್ಟಿ ಸಾಕುವ ಎಚ್‌ಎಫ್ ಹಸುವಿಗೆ ಐದು ಬಿಂದಿಗೆಯನ್ನು ಕೊಟ್ಟಿಗೆಗೇ ತರಬೇಕು. ಬಾವಿ ಒಂದು ಮೈಲಿ ದೂರವಿದ್ದರೆ ಯಾವ ಹೆಣ್ಣುಮಗಳಿಂದ ಆದೀತು? ಮಿಶ್ರತಳಿ ಹಸು ಬಡವರ ಮನೆಯ ಕೊಟ್ಟಿಗೆಗೂ ಬಂದು ನಿಂತದ್ದಕ್ಕೆ ವೀರ್ಯದ ಕಡ್ಡಿಯಷ್ಟೇ ಆ ಕೈಪಂಪೂ ಕಾರಣ ಎಂಬುದು ನನ್ನ ಅಭಿಪ್ರಾಯ. ನಮ್ಮ ಪಠ್ಯಪುಸ್ತಕಗಳಲ್ಲಿ ಇದು ಇರುವುದಿಲ್ಲ.

ಬೋರು ಕೊರೆಸಿದ್ದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಅವರ ಮುತುವರ್ಜಿಯಿಂದ ಬಂದ 1983ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಕಾಯ್ದೆಯಲ್ಲಿ ಶೇ. 25 ಸ್ಥಾನ ಮಹಿಳೆಯರಿಗೆ ಮೀಸಲಾಯಿತು. 1987ರ ಜನವರಿಯಲ್ಲಿ ಆ ಚುನಾವಣೆ ನಡೆದು ಸಾವಿರಾರು ಹೆಣ್ಣುಮಕ್ಕಳು ಮೊದಲ ಬಾರಿಗೆ ಪಂಚಾಯಿತಿ ಕುರ್ಚಿಯಲ್ಲಿ ಕೂತರು. ದೇಶಕ್ಕೆಲ್ಲ ಮೂರನೇ ಒಂದು ಭಾಗ ಮೀಸಲು ಬಂದದ್ದು 1993ರಲ್ಲಿ, ಸಂವಿಧಾನದ 73ನೇ ತಿದ್ದುಪಡಿ ಜಾರಿಯಾದ ಮೇಲೆ. ಈಗ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರದ್ದು. ಇನ್ನೊಂದು ಮಾತು: ಆ ವ್ಯವಸ್ಥೆಯಲ್ಲಿ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ತನ್ನ ಇಲಾಖೆಯ ಅಧಿಕಾರವನ್ನು ತಾನೇ ಜಿಲ್ಲೆಗಳಿಗೆ ಹಂಚಿಬಿಟ್ಟ ಮಂತ್ರಿ ಅಪರೂಪ. 1988ರಲ್ಲಿ ಅವರು ಕಾಯಿಲೆಯಿಂದ ತೀರಿಕೊಂಡರು. ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ಸಂಸ್ಥೆಗೆ ಅವರದೇ ಹೆಸರಿದೆ.

ಈಗ ಕೈಪಂಪು ಹೋಗಿ ಮನೆಮನೆಗೆ ನಲ್ಲಿ ಬಂದಿದೆ. ಜಲ ಜೀವನ್ ಯೋಜನೆಯ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ನಾಲ್ಕು ಜನರ ಮನೆಗೆ 220 ಲೀಟರ್ ಆಯಿತು. ಎರಡು ಹಸುವಿಗೇ 140 ಲೀಟರ್ ಹೋದರೆ ಉಳಿದದ್ದು 80. ಅಡುಗೆ, ಸ್ನಾನ, ಬಟ್ಟೆ ಎಲ್ಲವೂ ಅದರಲ್ಲೇ. ಆ 55 ಲೀಟರ್ ಲೆಕ್ಕ ಮನುಷ್ಯರದ್ದು, ಹಸುವಿನದ್ದಲ್ಲ. ಆದ್ದರಿಂದ ಕೊನೆಗೆ ಹಸುವಿನ ಪಾಲಿಗೇ ಕತ್ತರಿ ಬೀಳುತ್ತದೆ, ಅದು ಸಂಘದ ಹಾಲಿನ ಪಟ್ಟಿಯಲ್ಲಿ ಕಾಣುತ್ತದೆ.

ನಾನು ಕೆಲಸ ಮಾಡುವ ಕಾಮಾಕ್ಷಿಪಾಳ್ಯದ ಸುತ್ತ ತೊಂದರೆ ಬೇರೆ ರೀತಿಯದು. ವರ್ಕ್‌ಶಾಪು, ಸಣ್ಣ ಕಾರ್ಖಾನೆಗಳ ನಡುವೆಯೂ ಒಂದೆರಡು ಹಸು ಕಟ್ಟಿಕೊಂಡು ಸಂಸಾರ ತೂಗಿಸುವವರಿದ್ದಾರೆ. ಕಾವೇರಿ ನೀರು ಬಿಟ್ಟ ದಿನ ಡ್ರಮ್ಮು ತುಂಬಿಸಬೇಕು, ಇಲ್ಲದಿದ್ದರೆ ಟ್ಯಾಂಕರ್‌ಗೆ ದುಡ್ಡು ಕೊಡಬೇಕು. ಬಾಯಾರಿದ ಹಸುವನ್ನು ಹೊರಗೆ ಬಿಟ್ಟರೆ ಅದು ವೃಷಭಾವತಿ ಸೇರುವ ಮೋರಿಗೆ ಬಾಯಿ ಹಾಕುತ್ತದೆ. ಕಾರ್ಖಾನೆ ನೀರು ಬೆರೆತ ಕಡೆ ಸೀಸದಂಥ ಲೋಹಗಳು ಇರಬಹುದು. ಅವು ಕುದಿಸಿದರೂ ಹೋಗುವುದಿಲ್ಲ, ಹಸುವಿನ ಮೈಯಲ್ಲಿ ಸೇರಿಕೊಂಡು ಹಾಲಿಗೂ ಬರಬಹುದು. ಇದೇ ವೃಷಭಾವತಿ ಕೆಂಗೇರಿ ದಾಟಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತದೆ. ಅಲ್ಲಿನ ಸಹೋದರಿಯರಿಗೂ ಇದೇ ಮಾತು. ನಗರದಲ್ಲಿ ಗ್ರಾಮಸಭೆ ಇಲ್ಲ. ಜಲಮಂಡಳಿಯ ನೀರಿನ ಅದಾಲತ್ ಇದೆ. ನಾಲ್ಕು ಮನೆಯವರು ಸೇರಿ ಹೋಗಿ, ಒಬ್ಬರೇ ಹೋಗಬೇಡಿ.

ಹಳ್ಳಿಯಲ್ಲಿ ದಾರಿ ಇನ್ನೂ ಸಲೀಸು. ಕಾನೂನಿನ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅದಕ್ಕೆ ಮೊದಲು ವಾರ್ಡ್ ಸಭೆ. ಜಾನುವಾರು ನೀರಿನ ತೊಟ್ಟಿ ಬೇಕೆಂದು ವಾರ್ಡ್ ಸಭೆಯಲ್ಲಿ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿಸಿ ಕೇಳಿ. ಪುಸ್ತಕದಲ್ಲಿ ಇಲ್ಲದ್ದು ಪಂಚಾಯಿತಿಯ ಕ್ರಿಯಾ ಯೋಜನೆಗೆ ಬರುವುದು ಕಷ್ಟ. ಬಾಯಿಮಾತಿನಲ್ಲಿ "ಆಯ್ತಮ್ಮ, ಮಾಡಿಸೋಣ" ಎಂದರೆ ನಂಬಿ ಎದ್ದು ಬರಬೇಡಿ. ಜೊತೆಗೆ ಸಂಘದ ಲೆಟರ್‌ಹೆಡ್‌ನಲ್ಲಿ ಒಂದು ಅರ್ಜಿ ಕೊಡಿ: ಊರಲ್ಲಿ ಎಷ್ಟು ಕರೆಯುವ ಹಸು, ದಿನಕ್ಕೆ ಎಷ್ಟು ಲೀಟರ್ ನೀರು ಬೇಕು ಎಂದು. ಹಸುಗಳ ಲೆಕ್ಕ ಪಂಚಾಯಿತಿಗಿಂತ ಸಂಘದಲ್ಲೇ ಸರಿಯಾಗಿರುತ್ತದೆ.

ಆ ಅರ್ಜಿಗೆ ಸಂಘದಲ್ಲಿ ಸಹಿ ಬೀಳಬೇಕಾದರೆ ಅಲ್ಲಿ ನಿಮ್ಮ ಮಾತು ನಡೆಯಬೇಕಲ್ಲ? ಹಾಲು ಕರೆಯುವುದು ನೀವು, ಸದಸ್ಯತ್ವ ಯಜಮಾನರ ಹೆಸರಲ್ಲಿ ಎಂಬ ಮನೆಗಳು ಬಹಳ. ಹೆಸರು ಪುಸ್ತಕದಲ್ಲಿ ಇಲ್ಲದವರಿಗೆ ಮತವಿಲ್ಲ, ಆಡಳಿತ ಮಂಡಳಿಗೆ ನಿಲ್ಲುವಂತೆಯೂ ಇಲ್ಲ. ಮಹಿಳೆಯರಿಗೆ ಮೀಸಲಾದ ಸ್ಥಾನ ಖಾಲಿ ಬಿದ್ದರೆ ನಷ್ಟ ನಿಮಗೇ. ಕಾರ್ಯದರ್ಶಿಯವರ ಹತ್ತಿರ ಹೋಗಿ, ನಿಮ್ಮ ಹೆಸರಿನಲ್ಲಿ ಷೇರು ಪಡೆಯಲು ಏನು ಬೇಕು, ಮತದ ಹಕ್ಕು ಉಳಿಯಲು ವರ್ಷದಲ್ಲಿ ಎಷ್ಟು ದಿನ, ಎಷ್ಟು ಲೀಟರ್ ಹಾಲು ಹಾಕಿರಬೇಕು ಎಂದು ಈ ವಾರವೇ ಕೇಳಿ.

ಇನ್ನು ತೊಟ್ಟಿಯ ಅಳತೆ. ಹತ್ತು ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡು ಅಡಿ ಆಳವಿದ್ದರೆ ಸುಮಾರು 1,400 ಲೀಟರ್ ಹಿಡಿಯುತ್ತದೆ, ಇಪ್ಪತ್ತು ಹಸುವಿನ ಒಂದು ದಿನದ ನೀರು. ತಳದಲ್ಲಿ ನೀರು ಬಿಡಲು ತೂತು ಇರಲೇಬೇಕು. ಅದಿಲ್ಲದ ತೊಟ್ಟಿಯನ್ನು ಯಾರೂ ತೊಳೆಯುವುದಿಲ್ಲ, ಪಾಚಿ ಕಟ್ಟಿ ಹಾಳಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಉಜ್ಜಿ ತೊಳೆದು ಒಳಗೆ ಸುಣ್ಣ ಬಳಿದು ಒಣಗಿಸಿ. ಮೇಲೆ ನೆರಳಿದ್ದರೆ ಒಳ್ಳೆಯದು, ಕಾದ ನೀರನ್ನು ಹಸು ಮೂಸಿ ಬಿಡುತ್ತದೆ.

ಮನೆಯಲ್ಲಾದರೆ ಹಾಲು ಕರೆದ ಕೂಡಲೇ ಬಕೆಟ್ ಮುಂದಿಡಿ, ಹಸು ಹೆಚ್ಚು ಕುಡಿಯುವುದು ಆಗಲೇ. ಕಲಗಚ್ಚು ಕೊಟ್ಟೆವೆಂದು ನೀರು ತಪ್ಪಿಸಬೇಡಿ. ಅನ್ನ ಹೆಚ್ಚಾದ ಹುಳಿ ಕಲಗಚ್ಚಿನಿಂದ ಹೊಟ್ಟೆ ಕೆಡುತ್ತದೆ. ನೀರು ಸಾಲುತ್ತಿದೆಯೇ ಎಂದು ತಿಳಿಯಲು ಹಸುವಿನ ಕತ್ತಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆಳೆದು ಬಿಡಿ. ಅದು ಕೂಡಲೇ ಸಮನಾಗಬೇಕು. ಮಡಿಕೆ ಹಾಗೇ ನಿಂತರೆ, ಸಗಣಿ ಗಟ್ಟಿಯಾಗಿದ್ದರೆ, ಕಣ್ಣು ಒಳಸೇರಿದ್ದರೆ ಸಂಘದ ಮೂಲಕ ನಮ್ಮನ್ನು ಕರೆಸಿ.